ಟೈಲರಮ್ಮನ ಹೊಟ್ಟೆಯ ವಿಚಾರ

ನಮ್ಮ ಬೀದಿಯ ಟೈಲರಮ್ಮನಿಗೆ ಮುಚ್ಚುಮರೆ ಗೊತ್ತಿಲ್ಲ. ಟೇಪು ಹಿಡಿದರೆ "ಸೊಂಟ ಎರಡಿಂಚು ಜಾಸ್ತಿಯಾಗಿದೆ ಕಣಮ್ಮಾ" ಎಂದು ಬೀದಿಗೆಲ್ಲ ಕೇಳುವಂತೆ ಹೇಳುವವಳು. ಅಂಥವಳು ಹೋದ ವರ್ಷ ಮಾತು ಬಿಟ್ಟಳು, ಊಟ ಬಿಟ್ಟಳು. ಕೊನೆಗೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಸಾಯಲು ಹೊರಟಳು. ಗಂಡ ಬಾಗಿಲು ಮುರಿದು ಉಳಿಸಿಕೊಂಡ.

ಅವತ್ತಿನಿಂದ ಆ ಬಾಗಿಲಿಗೆ ಚಿಲಕವಿಲ್ಲ. ಗಂಡ ಬಸ್ ಕಂಡಕ್ಟರ್, ಬಾಗಿಲಲ್ಲಿ ನಿಂತು ಕೂಗುವುದು ಅವನಿಗೆ ಅಭ್ಯಾಸವೇ. ಅವಳು ಒಳಗೆ ಹೋದರೆ ಸಾಕು, ಹೊರಗೆ ಕಾವಲು.

"ಏನೇ, ಇದ್ದೀಯಾ?"

"ಇದ್ದೀನಿ ರೀ."

"ಇನ್ನೂ ಆಗ್ಲಿಲ್ವಾ?"

ಆಗುತ್ತಿರಲಿಲ್ಲ, ಅದೇ ಫಜೀತಿ. ಖಿನ್ನತೆಗೆಂದು ಡಾಕ್ಟರು ಕೊಟ್ಟ ಮಾತ್ರೆ ಮನಸ್ಸನ್ನೇನೋ ಎತ್ತಿ ನಿಲ್ಲಿಸಿತು, ಆದರೆ ಹೊಟ್ಟೆಯನ್ನು ಕಟ್ಟಿಹಾಕಿತು. ಮೆಷಿನ್ ಮುಂದೆ ಕೂರಲಾಗದೆ ನಿಂತುಕೊಂಡೇ ಗುಂಡಿ ಹೊಲಿಯುತ್ತಿದ್ದಳು. ಒಳಗೆ ಸ್ವಲ್ಪ ಹೊತ್ತು ಕೂತರೆ ಗಂಡನಿಗೆ ಜೀವ ಬಾಯಿಗೆ ಬರುತ್ತಿತ್ತು. ಅವನು ಬಾಗಿಲು ಬಡಿದರೆ ಬರಬೇಕಾದದ್ದೂ ಒಳಗೇ ಉಳಿಯುತ್ತಿತ್ತು. ಪ್ರೀತಿಯ ಗಂಡ, ಒಪ್ಪಿದೆ. ಅಂಥ ಪ್ರೀತಿ ನನ್ನ ಶತ್ರುವಿಗೂ ಬೇಡ.

ಡಾಕ್ಟರ ಮುಂದೆಯೂ ಅವನದೇ ಬಾಯಿ. "ನಿದ್ದೆ ಚೆನ್ನಾಗಿದೆ, ಊಟ ಚೆನ್ನಾಗಿದೆ, ಮಾತ್ರೆ ಒಂದಿನಾನೂ ತಪ್ಪಿಸಿಲ್ಲ ಡಾಕ್ಟ್ರೇ." ಸಾಯಬೇಕು ಅನ್ನಿಸುತ್ತದೆ ಎಂದು ಅದೇ ಕುರ್ಚಿಯಲ್ಲಿ ಕೂತು ಹೇಳಿದ್ದವಳಿಗೆ, ಈ ಹೊಟ್ಟೆಯ ವಿಚಾರ ಹೇಳಲು ಮಾತ್ರ ನಾಚಿಕೆ.

ಮೊನ್ನೆ ಹೋದಾಗ ಡಾಕ್ಟರು ಅವನನ್ನು ತಡೆದರು. "ಸ್ವಲ್ಪ ಇರಿ, ಅವರೇ ಹೇಳ್ಲಿ. ಏನಮ್ಮಾ?"

ಟೈಲರಮ್ಮ ನೆಲ ನೋಡುತ್ತಾ ಹೇಳಿದಳು. "ಆ ಮಾತ್ರೆ ನುಂಗಿದ್ರೆ ಹೊಟ್ಟೆ ಕಟ್ಟಿಬಿಡತ್ತೆ ಡಾಕ್ಟ್ರೇ. ವಾರ ಆದ್ರೂ ಹೋಗೋದೇ ಇಲ್ಲ."

ಕಂಡಕ್ಟರ್ ಜೋರಾಗಿ ನಕ್ಕುಬಿಟ್ಟ. "ಅಯ್ಯೋ, ಅಷ್ಟೇನಾ! ಇನ್ನೇನೋ ಅಂತ ಹೆದರಿಬಿಟ್ಟಿದ್ದೆ ಕಣೇ."

ಡಾಕ್ಟರು ನಗಲಿಲ್ಲ. "ಈ ಮಾತ್ರೆಗೆ ಹಾಗಾಗತ್ತಮ್ಮ. ನೀವು ಮೊದಲೇ ಹೇಳ್ಬೇಕಿತ್ತು. ಅದಕ್ಕೂ ಔಷಧಿ ಇದೆ, ಬೇಕಾದ್ರೆ ಮಾತ್ರೇನೇ ಬದಲಾಯಿಸೋಣ. ಆದ್ರೆ ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ."

ಅವಳು ಗಂಡನ ಕಡೆ ತಿರುಗಿದಳು.

"ನಿಲ್ಲಿಸಿ ಆಯ್ತು ರೀ. ನೀವು ಹೊರಗೆ ನಿಂತು ಕೂಗ್ತಿರೋವಾಗ್ಲೇ ದಿನಾ ಅದನ್ನ ನೀರಿಗೆ ಹಾಕ್ತಿದ್ದೆ. ಹೊಟ್ಟೆ ಸರಿಹೋಯ್ತು."

ಅವನ ನಗು ನಿಂತಿತು.

"ಮತ್ತೆ ಆ ಯೋಚನೆ ಬರ್ತಿದೆ."