ಮೊದಲರ್ಧ ನನ್ನದು

ನನ್ನ ಮೊಮ್ಮಗಳು, ನನ್ನ ಸ್ವಂತ ಮಗನ ಮಗಳು, ನಾನು ಎಣ್ಣೆ ಹಚ್ಚಿ ಜಡೆ ಹೆಣೆದು ಬೆಳೆಸಿದವಳು, ವಿದ್ಯಾರಣ್ಯಪುರಂನ ನಮ್ಮ ಮನೆಯ ಸೋಫಾದ ಮೇಲೆ ಕಾಲು ಚಾಚಿಕೊಂಡು ಫೋನಿನಲ್ಲಿ ಕೇಳುತ್ತಿದ್ದಳು: "ಚಿಕ್ಕಜ್ಜಿ, ಈ ಭಾನುವಾರಕ್ಕೆ ಯಾವ ಸಿನಿಮಾ ಹೇಳ್ತೀಯ?"

ಚಿಕ್ಕಜ್ಜಿ ಅಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಅವಳಿರುವುದು ರಾಮಕೃಷ್ಣನಗರದಲ್ಲಿ. ನಾನಿರುವುದು ಅಲ್ಲೇ, ಸೋಫಾದ ಪಕ್ಕದಲ್ಲೇ, ಹುರುಳಿಕಾಯಿಯ ನಾರು ತೆಗೆಯುತ್ತಾ. ಅಷ್ಟು ದೂರಕ್ಕೆ ಫೋನು ಮಾಡುವ ಬದಲು ಸ್ವಲ್ಪ ಕತ್ತು ತಿರುಗಿಸಿದ್ದರೆ ಸಾಕಿತ್ತು. ನನಗೆ ಹೊಟ್ಟೆಯಲ್ಲಿ ಒಲೆ ಹಚ್ಚಿದಂತಾಗುತ್ತಿತ್ತು. ನಾರು ಎಲ್ಲಿಗೋ, ಕಾಯಿ ಎಲ್ಲಿಗೋ.

ನಮ್ಮ ಹುಡುಗಿಗೆ ಸಿನಿಮಾ ಎಂದರೆ ಪ್ರಾಣ. ಬೇರೆ ಹೇಳಬೇಕೇ, ಅದು ನನ್ನಿಂದ ಬಂದದ್ದು! ನನ್ನ ಮಗನಿಗೆ ಸಿನಿಮಾ ಹಾಕಿದರೆ ನಿದ್ದೆ, ಸೊಸೆಗೆ ಧಾರಾವಾಹಿ ಸಾಕು. ನನ್ನ ರಕ್ತ ನೇರವಾಗಿ ಹಾರಿ ಮೊಮ್ಮಗಳಲ್ಲಿ ಇಳಿದಿದೆ. ಪ್ರತಿ ಭಾನುವಾರ ಮಧ್ಯಾಹ್ನ ಅವಳ ಸ್ನೇಹಿತೆಯರು ನಮ್ಮ ಹಾಲ್‌ನಲ್ಲಿ ಸೇರುತ್ತಾರೆ. ಒಬ್ಬೊಬ್ಬರೂ ಒಂದೊಂದು ಸಿನಿಮಾದ ಹೆಸರು ಹೇಳಬೇಕು, ಯಾಕೆ ನೋಡಬೇಕು ಅಂತ ಬಾಯಿಬಿಟ್ಟು ಹೇಳಬೇಕು. ಯಾವುದಕ್ಕೆ ಹೆಚ್ಚು ಕೈ ಏಳುತ್ತವೋ ಅದನ್ನು ಟಿವಿಯಲ್ಲಿ ಹಾಕುತ್ತಾರೆ. ಗಲಾಟೆಯೋ ಗಲಾಟೆ. ನನಗೆ ಆ ಗಲಾಟೆ ಕೇಳಿದರೆ ಮೈಯಲ್ಲಿ ಹತ್ತು ವರ್ಷ ಕಡಿಮೆಯಾಗುತ್ತದೆ. ಚಕ್ಕುಲಿ ಕೊಡುವ ನೆಪದಲ್ಲಿ ನಾನೂ ಅಲ್ಲೇ ಕೂರುತ್ತೇನೆ. ಆದರೆ ಮೊಮ್ಮಗಳು ಎದ್ದು ನಿಂತು ಹೇಳುತ್ತಿದ್ದುದು ಯಾವಾಗಲೂ ಚಿಕ್ಕಜ್ಜಿಯ ಸಿನಿಮಾ. ಕೈಗಳೆಲ್ಲ ಅದಕ್ಕೇ ಏಳುತ್ತಿದ್ದವು.

ನನ್ನನ್ನು ಒಂದೆರಡು ಸಲ ಕೇಳಿದ್ದರು, ಸುಳ್ಳು ಹೇಳಬಾರದು. ನಾನು ಹುರುಪಿನಿಂದ ಶುರುಮಾಡುತ್ತಿದ್ದೆ. ಹೀರೋ ಹೇಗೆ ಬರುತ್ತಾನೆ, ಹೀರೋಯಿನ್ ಯಾವ ಬಣ್ಣದ ಸೀರೆಯಲ್ಲಿ ಬಾವಿಕಟ್ಟೆಯ ಹತ್ತಿರ ನಿಂತಿರುತ್ತಾಳೆ, ಮೊದಲ ಹಾಡಿನಲ್ಲಿ ಯಾರ ಚಪ್ಪಲಿ ಕಿತ್ತುಹೋಗುತ್ತದೆ, ಎಲ್ಲ. ಹುಡುಗಿಯರು ಬಾಯಿ ತೆರೆದು ಕೇಳುತ್ತಿದ್ದರು. ಆಮೇಲೆ ಯಾರಾದರೂ "ಆಮೇಲೆ ಅಜ್ಜಿ?" ಅನ್ನುವರು. ಅಲ್ಲಿಗೆ ನನ್ನ ಗಾಡಿ ನಿಲ್ಲುತ್ತಿತ್ತು. "ಆಮೇಲೆ ಎಲ್ಲಾ ಸರಿಹೋಗ್ತದೆ ಕಣಮ್ಮ" ಅನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು.

ಅದಕ್ಕೆ ಕಾರಣವುಂಟು. ನಾನು ಟಾಕೀಸಿನಲ್ಲಿ ನೋಡಿದ ಸಿನಿಮಾಗಳಿಗೆಲ್ಲ ಮೊದಲರ್ಧ ಮಾತ್ರ ಇತ್ತು.

ನಮ್ಮದು ಹೂವಿನ ವ್ಯಾಪಾರದ ಮನೆ. ಬೆಳಿಗ್ಗೆ ಮೊಗ್ಗು ಬರುತ್ತಿತ್ತು. ಇಳಿಹೊತ್ತಿಗೆ ಮಾವ ಮಾರುಕಟ್ಟೆಗೆ ಹೊರಡುವುದರೊಳಗೆ ಕಟ್ಟಿ ಮುಗಿಸಬೇಕು. ಇಬ್ಬರು ಸೊಸೆಯರಿಗೂ ಸಿನಿಮಾ ಹುಚ್ಚು. ಅತ್ತೆ ಗಟ್ಟಿಗಿತ್ತಿ, ಆದರೆ ಕೆಟ್ಟವಳಲ್ಲ. "ಇಬ್ಬರೂ ಒಟ್ಟಿಗೆ ವಸ್ತಿಲು ದಾಟುದ್ರೆ ಹೂವ ಯಾರು ಕಟ್ಟೋರು? ಒಂದು ಟಿಕೇಟು ತಕ್ಕೊಳಿ, ಇಬ್ರೂ ಹಂಚ್ಕೊಂಡು ನೋಡಿ" ಅಂದುಬಿಟ್ಟಳು, ಬಾಳೆಹಣ್ಣು ಮುರಿದುಕೊಳ್ಳಿ ಅನ್ನುವ ಹಾಗೆ. ನಾವು ಹಾಗೇ ಮಾಡಿದೆವು. ಮ್ಯಾಟಿನಿಗೆ ನಾನು ಹೋಗುವುದು. ಇಂಟರ್‌ವಲ್ ಹೊತ್ತಿಗೆ ಓರಗಿತ್ತಿ ಟಾಕೀಸಿನ ಗೇಟಿಗೆ ಬರುವುದು. ಹರಿದ ಟಿಕೇಟಿನ ಚೂರನ್ನು ಅವಳ ಕೈಗೆ ಕೊಟ್ಟು ನಾನು ಮನೆಗೆ, ಅವಳು ಒಳಗೆ. ಗೇಟಿನವನು ನೋಡಿಯೂ ನೋಡದ ಹಾಗೆ ಇರುತ್ತಿದ್ದ. ಅವನ ಹೆಂಡತಿಯ ಮುಡಿಗೆ ಒಂದು ಮೊಳ ಮಲ್ಲಿಗೆ ತಪ್ಪದೆ ಹೋಗುತ್ತಿತ್ತು. ಸಂಜೆ ಇಬ್ಬರೂ ಕೂತು ಪಾತ್ರೆ ತಿಕ್ಕುತ್ತಾ ನನ್ನ ಅರ್ಧ ನಾನು ಅವಳಿಗೆ ಹೇಳುತ್ತಿದ್ದೆ, ಅವಳ ಅರ್ಧ ಅವಳು ನನಗೆ. ಕಂಡದ್ದು ಕಣ್ಣಲ್ಲೇ ಉಳಿಯಿತು, ಕೇಳಿದ್ದರಲ್ಲಿ ಹೆಚ್ಚಿನದು ಮರೆತು ಎಲ್ಲಾ ಸರಿಹೋಯಿತು ಅನ್ನುವುದಷ್ಟೇ ಉಳಿಯಿತು.

ಮೊದಲರ್ಧವನ್ನು ನಾನೇ ಆರಿಸಿಕೊಂಡಿದ್ದೆ. ಹಿರಿಯ ಸೊಸೆ ಅಲ್ಲವೇ? ಹಾಡು, ನಗು, ಹೊಸ ಸೀರೆ ಎಲ್ಲ ಇರುವುದು ಅಲ್ಲಿ. ಅವಳಿಗೆ ಉಳಿಕೆ. ಅಂಥ ಜಾಣತನ ಮಾಡಿದೆ ಅಂತ ಎಷ್ಟು ವರ್ಷ ಬೀಗಿದ್ದೆ! ಟಿವಿ ಬಂದ ಮೇಲೂ ಹಳೆಯ ಸಿನಿಮಾ ಹಾಕಿದರೆ ಅರ್ಧಕ್ಕೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ಮುಂದಿನದು ಗೊತ್ತಲ್ಲ, ಅವಳು ಹೇಳಿದ್ದಾಳಲ್ಲ.

ಈಗ ನೋಡಿದರೆ ಯಾವ ಸಿನಿಮಾ ನೋಡಬೇಕು ಅಂತ ಹೇಳುವುದಕ್ಕೆ ಬೇಕಾದದ್ದು ಕೊನೆಯಂತೆ. ಓರಗಿತ್ತಿ ಫೋನಿನ ಸ್ಪೀಕರಿನಲ್ಲಿ ದನಿ ತಗ್ಗಿಸಿ ಅನ್ನುತ್ತಾಳೆ: "ಕೊನೇಲಿ ಒಂದು ಜಾಗ ಬತ್ತದೆ ಕಣವ್ವ. ಏನು ಅಂತ ಹೇಳಕಿಲ್ಲ. ಅಲ್ಲೀಗಂಟ ಎದ್ದೋಗ್ಬೇಡ." ಅಷ್ಟೇ. ಮೊಮ್ಮಗಳು ಗಪ್ಪನೆ ಬಲೆಗೆ ಬೀಳುತ್ತಾಳೆ. ನನ್ನ ಬಾವಿಕಟ್ಟೆ, ನನ್ನ ಚಪ್ಪಲಿ, ಯಾರಿಗೆ ಬೇಕು?

ಒಂದು ಭಾನುವಾರ ಓರಗಿತ್ತಿಯೇ ನಮ್ಮ ಮನೆಗೆ ಊಟಕ್ಕೆ ಬಂದಳು. ಮೊಮ್ಮಗಳು ಅವಳನ್ನು ಹುಡುಗಿಯರ ನಡುವೆ ಕೂರಿಸಿ, ಬೆನ್ನಿಗೆ ದಿಂಬು ಇಟ್ಟಳು. ನಾನು ಸೊಂಟನೋವು ಅಂತ ಕೇಳಿದಾಗ ಎಲ್ಲೂ ಸಿಗದ ದಿಂಬು ಅದು. ಆ ದಿನ ಸ್ನೇಹಿತೆಯರಲ್ಲಿ ಒಬ್ಬಳಿಗೆ ಮದುವೆ ಗೊತ್ತಾಗಿತ್ತು. ಅವಳು ಮೊದಲೇ ಹೇಳಿಬಿಟ್ಟಳು: "ಇವತ್ತು ಯಾರೂ ಅಳಿಸ್ಬೇಡ್ರಪ್ಪ. ಕೊನೆ ಚೆನ್ನಾಗಿರ್ಬೇಕು. ಇಬ್ರೂ ಸುಖವಾಗಿರ್ಬೇಕು."

"ಚಿಕ್ಕಜ್ಜಿ, ನೀನೇ ಹೇಳು" ಅಂದಳು ಮೊಮ್ಮಗಳು.

ಅವಳು ಬಾಯಿ ತೆರೆಯುವುದರೊಳಗೆ ನಾನು ಚಕ್ಕುಲಿ ತಟ್ಟೆ ಕೆಳಗಿಟ್ಟು, "ನಾನು ಹೇಳ್ತೀನಿ" ಅಂದೆ.

ನನ್ನ ಹತ್ತಿರ ಒಂದು ಸಿನಿಮಾ ಇತ್ತು. ಟಿವಿಯಲ್ಲಿ ಅದು ಬಂದದ್ದನ್ನು ನಾನು ಕಂಡಿಲ್ಲ. ದೋಣಿ ನಡೆಸುವವನ ಮಗಳ ಕಥೆ. ಊರಿಗೆ ಹೊಸದಾಗಿ ಬಂದ ಮೇಷ್ಟ್ರು ಬಣ್ಣಗೆಟ್ಟ ಕೊಡೆ ಹಿಡಿದು ದೋಣಿ ಹತ್ತುತ್ತಾನೆ, ಹೆದರಿ ಅವಳ ಕೈ ಹಿಡಿದುಕೊಳ್ಳುತ್ತಾನೆ, ಕೊಡೆ ಹೊಳೆಗೆ ಬೀಳುತ್ತದೆ. ನಾನು ಕೊಡೆ ಹಿಡಿದೂ ತೋರಿಸಿದೆ, ಬೀಳಿಸಿಯೂ ತೋರಿಸಿದೆ. ಹುಡುಗಿಯರು ನಕ್ಕು ನಕ್ಕು ಸುಸ್ತಾದರು.

"ಆಮೇಲೆ ಅಜ್ಜಿ?" ಮೊಮ್ಮಗಳು ತುಂಟತನದಿಂದ ಕೇಳಿದಳು.

ಈ ಸಲ ನಾನು ಬಿಡಲಿಲ್ಲ, ಓರಗಿತ್ತಿ ಅಂದು ಪಾತ್ರೆ ತಿಕ್ಕುತ್ತಾ ಹೇಳಿದ್ದ ಇದರ ಕೊನೆ ಮಾತ್ರ ನನಗೆ ನೆನಪಿತ್ತು. "ಆಮೇಲೆ ಹೊಳೆ ಉಕ್ಕಿ ಬತ್ತದೆ. ದೋಣಿ ನಡುನೀರಲ್ಲಿ ಸಿಕ್ಕೊಳ್ತದೆ. ಅಲ್ಲಿಗೆ ಇಂಟರ್‌ವಲ್ಲು. ಆದ್ರೆ ಎದ್ರುಕೋಬೇಡಿ. ದೋಣಿ ದಡ ಸೇರ್ತದೆ, ಮದುವೆ ಆಯ್ತದೆ, ಅವಳಿ ಮಕ್ಕಳಾಯ್ತವೆ, ಊರಿಗೆಲ್ಲಾ ಊಟ!"

ಮದುವೆ ಹುಡುಗಿ ಚಪ್ಪಾಳೆ ತಟ್ಟಿದಳು. ಆಗ ಓರಗಿತ್ತಿ ಮೆಲ್ಲಗೆ ಅಂದಳು: "ಅಕ್ಕ, ಅದು ಬ್ಯಾಡ. ಬೇರೆ ಯಾವ್ದಾರ ಹೇಳಿ."

"ಯಾಕೆ ಬ್ಯಾಡ? ನಾನು ಹೇಳ್ದೆ ಅಂತ್ಲಾ?"

"ಅಂಗಲ್ಲ ಅಕ್ಕ. ಬ್ಯಾಡ ಅಂದ್ರೆ ಬ್ಯಾಡ ಬುಡಿ."

"ಅಂಗೇ ಕಣೆ! ವಾರವಾರ ನಿನ್ನದೇ ನಡೀತಿತ್ತಲ್ಲ, ಒಂದು ದಿನ ನಂದು ನಡುದ್ರೆ ನಿಂಗೆ ತಡೀತಿಲ್ಲ."

ಅವಳು ಚಕ್ಕುಲಿ ತಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಕೈಗಳು ಎದ್ದವು. ಎಲ್ಲ ಕೈಗಳೂ! ಮೊಮ್ಮಗಳು ಎರಡು ಕೈ ಎತ್ತಿದಳು. ನನಗೆ ಆಗ ಆದ ಖುಷಿಗೆ ಅಳತೆಯಿಲ್ಲ. ನನ್ನ ಮದುವೆಯ ದಿನ ಕೂಡ ನಾನು ಅಷ್ಟು ಸೊಕ್ಕಿನಿಂದ ಕೂತಿರಲಿಲ್ಲ.

ಮೊಮ್ಮಗಳು ಫೋನಿನಲ್ಲಿ ಹುಡುಕಿ ಟಿವಿಗೆ ಹಾಕಿದಳು, ಸಿನಿಮಾ ಶುರುವಾಯಿತು. ಕೊಡೆ ಹೊಳೆಗೆ ಬಿದ್ದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ಓರಗಿತ್ತಿ. ನಾನು ಮುಂದಿನ ಮಾತನ್ನು ಮೊದಲೇ ಹೇಳಲು ಹೋದರೆ "ಸುಮ್ಕಿರಿ ಅಕ್ಕ, ನೋಡಾಕೆ ಬುಡಿ" ಅಂತ ನನಗೇ ಗದರಿದಳು. ಕಣ್ಣು ಮಿಟುಕಿಸದೆ ಟಿವಿಗೆ ಅಂಟಿಕೊಂಡಿದ್ದಳು.

ಇಂಟರ್‌ವಲ್ ಆಯಿತು. ಅಭ್ಯಾಸಬಲದಿಂದ ನಾನು ಏಳಲು ಹೋದೆ. ಮೊಮ್ಮಗಳು ಸೆರಗು ಹಿಡಿದು ಕೂರಿಸಿದಳು. "ಎಲ್ಲಿಗೆ ಅಜ್ಜಿ? ನಿನ್ನ ಸಿನಿಮಾ!"

"ಈಗ ನೋಡಿ, ಈಗ ದಡ ಸೇರ್ತದೆ" ಅಂದೆ.

ದೋಣಿ ದಡ ಸೇರಿತು. ಅದರಲ್ಲಿದ್ದ ಮಕ್ಕಳು ಇಳಿದರು, ಮುದುಕಿ ಇಳಿದಳು, ಮೇಷ್ಟ್ರು ಇಳಿದ. ಅವಳು ಇಳಿಯಲಿಲ್ಲ. ದೋಣಿಯನ್ನು ನೀರಿಗಿಳಿದು ತಳ್ಳಿಕೊಂಡು ಬಂದವಳು ಕೊನೆಯ ಸೆಳವಿಗೆ ಸಿಕ್ಕಿಹೋಗಿದ್ದಳು. ಮದುವೆಯಿಲ್ಲ, ಅವಳಿ ಮಕ್ಕಳಿಲ್ಲ. ಮಿಕ್ಕ ಕಥೆಯೆಲ್ಲ ಆ ಮೇಷ್ಟ್ರು, ನೀರು ಕಂಡರೆ ನಡುಗುತ್ತಿದ್ದವನು, ಅವಳ ಅಪ್ಪನ ಹತ್ತಿರ ಹುಟ್ಟು ಹಾಕುವುದನ್ನು ಕಲಿಯುವುದು. ಕೊನೆಯಲ್ಲಿ ಅವನೇ ಊರಿನವರನ್ನು ದಾಟಿಸುತ್ತಿರುತ್ತಾನೆ.

ಮದುವೆ ಹುಡುಗಿ ಮೂಗು ಒರೆಸಿಕೊಳ್ಳುತ್ತಿದ್ದಳು. ನನ್ನ ಮುಖದ ಮೇಲೆ ಯಾರೋ ನೀರು ಎರಚಿದಂತಾಗಿತ್ತು. ನಾನು ಓರಗಿತ್ತಿಯ ಕಡೆ ತಿರುಗಿದೆ. ಅವಳು ಚಕ್ಕುಲಿಯ ಸುರುಳಿಯನ್ನು ಬಿಡಿಸುವವಳಂತೆ ನೋಡುತ್ತಿದ್ದಳು.

"ಅವಳಿ ಮಕ್ಕಳು ಎಲ್ಲೇ?" ಅಂದೆ.

"ಬ್ಯಾಡ ಅಂದೆ ತಾನೆ ಅಕ್ಕ."

"ಅವಳಿ ಮಕ್ಕಳು ಎಲ್ಲೇ ಅಂತ ಕೇಳ್ದೆ!"

ಅವಳು ತಟ್ಟೆ ಕೆಳಗಿಟ್ಟಳು. "ನೀವು ಬಾಣಂತನ ಮುಗ್ಸಿ ಆಗ್ತಾನೆ ಎದ್ದಿದ್ರಿ. ಎಳೆಮಗ ಮಡಿಲಲ್ಲಿ. ಮನೇಲಿ ನಿಮ್ಮನ್ನ ಅಳಿಸೋಕೆ ಬೇಕಾದಷ್ಟು ಜನ ಇದ್ರು. ನಾನೂ ಯಾಕೆ ಅಂತ ಆ ಹುಡ್ಗೀನ ದಡ ಸೇರುಸ್ಬುಟ್ಟೆ."

"ಮದುವೆ?"

"ಸೇರುಸಿದ್ಮೇಲೆ ಮದುವೆ ಮಾಡ್ದೆ ಇರಾಕಾಯ್ತದಾ?"

ಹುಡುಗಿಯರು ಅಳುತ್ತಲೇ ನಕ್ಕರು. ಮೊಮ್ಮಗಳು ಹೋಗಿ ಅವಳ ಕತ್ತು ತಬ್ಬಿಕೊಂಡಳು. "ಚಿಕ್ಕಜ್ಜಿ, ನೀನು ಸೂಪರ್!" ಎಲ್ಲರಿಗೂ ಅವಳ ಒಳ್ಳೆಯತನವೇ ಕಂಡಿತು. ನನಗೂ ಕಂಡಿತು, ಕಲ್ಲು ಹೃದಯದವಳಲ್ಲ ನಾನು. ಆದರೆ ಅದರ ಬೆನ್ನಲ್ಲೇ ಬೇರೊಂದು ಉರಿ ಎದ್ದಿತು. "ಇದೊಂದೇನಾ? ಬೇರೇವೂ ಉಂಟಾ?" ಅಂದೆ.

"ಕೆಲವು" ಅಂದಳು.

"ಯಾವ್ಯಾವು?"

"ಅಳು ಬರೋವು."

ಅಯ್ಯೋ, ಅಷ್ಟು ವರ್ಷ ಇವಳು ಆ ಕತ್ತಲಲ್ಲಿ ಒಬ್ಬಳೇ ಕೂತು ಎಲ್ಲಾ ಅಳುವನ್ನೂ ತಾನೇ ಅತ್ತು ಮುಗಿಸಿದ್ದಾಳೆ! ನನಗೆ ಪಾಯಸ ಕೊಟ್ಟು ಕಳಿಸಿದ್ದಾಳೆ. ಆ ಮೇಷ್ಟ್ರು ಹುಟ್ಟು ಕಲಿಯುವುದನ್ನು ಅವಳು ಎಳೆ ವಯಸ್ಸಿನಲ್ಲೇ ನೋಡಿಕೊಂಡು, ಒಳಗೇ ಇಟ್ಟುಕೊಂಡು, ಸಂಜೆ ನನ್ನ ಪಕ್ಕ ಕೂತು ಪಾತ್ರೆ ತಿಕ್ಕಿದ್ದಾಳೆ. ಸೀರೆಗಾಗಲಿ ಒಡವೆಗಾಗಲಿ ನಾನು ಅವಳ ಮೇಲೆ ಅಷ್ಟು ಹೊಟ್ಟೆಕಿಚ್ಚು ಪಟ್ಟವಳಲ್ಲ.

ಮದುವೆ ಹುಡುಗಿ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಅಂದುಕೊಂಡೆ. "ಅಜ್ಜಿ, ಇಷ್ಟು ಒಳ್ಳೆ ಸಿನಿಮಾನ ಯಾರೂ ಹೇಳಿರ್ಲಿಲ್ಲ. ಇನ್ನೊಂದು ಹೇಳಿ" ಅಂದಳು.

"ಎಂಗೆ ಹೇಳ್ಲವ್ವ? ನಂಗೆ ಯಾವುದರ ಕೊನೇನೂ ಗೊತ್ತಿಲ್ಲ ಅಂತ ಈಗ ಗೊತ್ತಾಯ್ತಲ್ಲ."

ಮೊಮ್ಮಗಳು ಓರಗಿತ್ತಿಯನ್ನು ಬಿಟ್ಟು ಎದ್ದು ಬಂದಳು. ನನ್ನ ಕಾಲ ಬಳಿ ಕೂತು ಮೊಣಕಾಲಿನ ಮೇಲೆ ಗಲ್ಲ ಊರಿದಳು. "ಅದಕ್ಕೇ ಅಜ್ಜಿ. ಇನ್ಮೇಲೆ ನಿನ್ನ ಅರ್ಧ ಸಿನಿಮಾಗಳನ್ನೆಲ್ಲ ಒಂದೊಂದಾಗಿ ಹೇಳು. ನಾನು ಹುಡುಕಿ ಹಾಕ್ತೀನಿ. ಕೊನೆ ಇಬ್ಬರೂ ಒಟ್ಟಿಗೆ ನೋಡೋಣ."

ಓರಗಿತ್ತಿಯ ಮುಖ ಆಗ ನೋಡಬೇಕಿತ್ತು. ದಿಂಬಿಗೆ ಒರಗಿದ್ದವಳು ನೆಟ್ಟಗೆ ಕೂತಳು. "ಮತ್ತೆ ನಾನು? ಕೊಡೆ ಬೀಳೋದು ಅಷ್ಟು ಚೆನ್ನಾಗಿ ಅದೆ ಅಂತ ಅಕ್ಕ ಹೇಳೇ ಇರ್ಲಿಲ್ಲ. ನಾನೂ ಮೊದಲರ್ಧ ಒಂದೂ ನೋಡಿಲ್ಲ."

"ಹೇಳಿದ್ದೆ ಕಣೆ, ಸುಳ್ಳಾಡಬೇಡ."

"ಹೇಳಿದ್ದಕ್ಕಿಂತ ಚೆನ್ನಾಗಿತ್ತು" ಅಂದಳು. ಆ ದನಿ ನನಗೆ ಚೆನ್ನಾಗಿ ಗೊತ್ತು. ನನ್ನದೇ ದನಿ, ಫೋನು ಕೇಳಿಸಿಕೊಳ್ಳುವಾಗಿನದು. ನನ್ನ ಹೊಟ್ಟೆಗೆ ತಣ್ಣನೆಯ ಮಜ್ಜಿಗೆ ಇಳಿದಂತಾಯಿತು.

ಮುಂದಿನ ಭಾನುವಾರ ಅವಳು ಕರೆಯದೆಯೇ ಬಂದಳು. ಮೊಮ್ಮಗಳು ನನ್ನ ಸಿನಿಮಾ ಹಾಕಿದಳು. ಇಂಟರ್‌ವಲ್ ದಾಟಿ ಸ್ವಲ್ಪ ಹೊತ್ತಿಗೆ ಓರಗಿತ್ತಿ ನನ್ನ ಕಿವಿಯ ಹತ್ತಿರ ಬಾಗಿದಳು. "ಅಕ್ಕ, ಇದರ ಕೊನೇಲಿ..."

"ಬಾಯಿ ಮುಚ್ಕೊಂಡು ನೋಡೆ" ಅಂದೆ.

ಆ ಜಾಗ ಬಂತು. ಆ ದಿನ ಅವಳಿಗಿಂತ ಮೊದಲು ನಾನೇ ಅತ್ತೆ. ಮೊಮ್ಮಗಳು ಟಿವಿ ಬಿಟ್ಟು ನನ್ನ ಕಡೆ ತಿರುಗಿ ದುಪ್ಪಟ್ಟದ ತುದಿಯಿಂದ ನನ್ನ ಕೆನ್ನೆ ಒರೆಸಿದಳು. ಓರಗಿತ್ತಿ ಅದನ್ನು ನೋಡಿದಳು. ನೋಡಲಿ ಅಂತಲೇ ನಾನು ಇನ್ನೂ ಸ್ವಲ್ಪ ಅತ್ತೆ.