ನಾನು ಬಿಟ್ಟು ಹಾಡಿದ ನುಡಿ

ಗಂಗವ್ವನ ಪದದಿಂದ ಗಂಗವ್ವನ ಗುರುತನ್ನು ತೆಗೆದವಳು ನಾನು. ಅವಸರದಲ್ಲಿ ತೆಗೆದೆನೋ, ಬೇಕೆಂದೇ ತೆಗೆದೆನೋ — ಮೂವತ್ತು ವರ್ಷಕ್ಕೂ ಮೇಲಾಯಿತು, ನನಗಿನ್ನೂ ಬಗೆಹರಿದಿಲ್ಲ.

ಆಗ ನಾನು ಅಕ್ಕಿಆಲೂರಿನ ಕನ್ನಡ ಶಾಲೆಯಲ್ಲಿ ಟೀಚರು. ಗಂಗವ್ವನಿಗೆ ಅಲ್ಲಿಯ ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಕೆಲಸ. ಓದು ಬರಹ ಇಲ್ಲ. ಮೊರದಲ್ಲಿ ಅಕ್ಕಿ ಕೇರುತ್ತಲೇ ಪದ ಕಟ್ಟುವಳು. ಪ್ರತಿ ಪದದ ಕಡೆಯ ನುಡಿಯಲ್ಲಿ ‘ಹುಣಸಿಗಿಡದ ಈಶ’ ಎಂದು ಅಂಕಿತ. ಗಿರಣಿಯ ಹಿಂದೆ ಹುಣಸೆಯ ಬುಡದಲ್ಲೊಂದು ಲಿಂಗವಿತ್ತು, ಅದರ ಹೆಸರು. ಆ ಮಾತು ಬಂತೆಂದರೆ ಪದ ಗಂಗವ್ವನದೆಂದು ಊರಿಗೆಲ್ಲ ಗೊತ್ತು.

ಎಂಬತ್ತರ ದಶಕದ ನಡುವೆ ಹುಬ್ಬಳ್ಳಿಯ ಕಂಪನಿಯೊಂದು ನನ್ನ ಹಾಡುಗಳ ಕ್ಯಾಸೆಟ್ ಮಾಡುವುದೆಂದಾಯಿತು. ಜರಡಿಯ ಪದ ಕಲಿಸೆಂದು ಗಂಗವ್ವನನ್ನು ಕೇಳಿದೆ.

“ಹಾಡ್ರಿ ಅಕ್ಕಾರ. ನನ್ನ ಈಶ ನಿಮ್ಮ ಬಾಯಾಗ ಹುಬ್ಬಳ್ಳಿ ನೋಡಿ ಬರಲಿ” ಎಂದು ನಕ್ಕಳು.

ರೆಕಾರ್ಡಿಂಗಿನ ದಿನ ಮೊದಲ ಬದಿಯ ಟೇಪು ಮುಗಿಯುತ್ತ ಬಂದಿತ್ತು. ಒಂದು ನುಡಿ ಬಿಡಿ ಎಂದರು ಕಂಪನಿಯವರು. ಯಾವುದೆಂದು ಅವರು ಹೇಳಲಿಲ್ಲ. ಐದರಲ್ಲಿ ನಾನು ಐದನೆಯದನ್ನೇ ಬಿಟ್ಟೆ. ಕೊನೆಯದೆಂದು ಬಿಟ್ಟೆನೆ? ಅಥವಾ ನನ್ನ ಕ್ಯಾಸೆಟ್ಟಿನಲ್ಲಿ ಗಿರಣಿಯವಳ ಅಂಕಿತವೇಕೆ ಎಂದು… ದಾಸರ ಪದವನ್ನು ಅಂಕಿತವಿಲ್ಲದೆ ಮುಗಿಸಿದರೆ ನನ್ನ ಅಪ್ಪ ಮತ್ತೆ ಮೊದಲಿನಿಂದ ಹಾಡಿಸುತ್ತಿದ್ದರು. ತಿಳಿಯದೆ ಮಾಡಿದೆ ಎನ್ನಲೂ ನನಗೆ ಬಾಯಿಲ್ಲ.

ಆಮೇಲೆ ಕಂಪನಿಯವರೊಂದು ಫಾರ್ಮು ತಂದರು. ಪ್ರತಿ ಹಾಡಿನ ಮುಂದೆ ಒಂದು ನಂಬರು.

“ಇದು ನೀವು ಹಾಡಿದ್ದಕ್ಕಷ್ಟ ನಂಬರರಿ. ಪದಾ ಕಟ್ಟಿದವರದು ಬ್ಯಾರೆ ಕಾಲಂ ಐತಿ. ಯಾರ ಹೆಸರ ಬರೀಲಿ?”

“ಹಳೇ ಪದಾರೀ. ಯಾರದೋ ಏನೋ” ಎಂದೆ.

‘ಜಾನಪದ’ ಎಂದು ಬರೆದುಕೊಂಡರು. ಹೆಸರಿಲ್ಲದ ಉತ್ತರಪತ್ರಿಕೆಗೆ ಸೊನ್ನೆ ಹಾಕುತ್ತಿದ್ದ ಟೀಚರು ನಾನು.

ಪದ ಹಾನಗಲ್ಲಿನ ಬಸ್ಸಿನಲ್ಲೆಲ್ಲ ಕೇಳತೊಡಗಿತು. ಗಂಗವ್ವ ಶಾಲೆಗೇ ಬಂದಳು.

“ಛಲೋ ಹಾಡೀರಿ ಅಕ್ಕಾರ. ಕಡೀ ನುಡಿ ಎಲ್ಲೈತ್ರಿ?”

“ಕ್ಯಾಸೆಟ್ಟು ಸಾಲಲಿಲ್ಲ ಗಂಗವ್ವ.”

“ಅದಕಿಂತ ದೊಡ್ಡದು ಸಿಗಲಿಲ್ಲೇನ್ರಿ?”

ಎರಡನೆಯ ಬದಿಯ ಕೊನೆಯಲ್ಲಿ ಇಡೀ ಪದ ಹಿಡಿಯುವಷ್ಟು ಟೇಪು ಖಾಲಿ ತಿರುಗುತ್ತಿತ್ತು. ಅವಳ ಮನೆಯಲ್ಲಿ ಟೇಪ್‌ರೆಕಾರ್ಡರ್ ಇರಲಿಲ್ಲ, ಅವಳಿಗೆ ತಿಳಿಯಲಿಲ್ಲ. ನಾನು ಹೇಳಲಿಲ್ಲ.

ಮುಂದೆ ಸವಣೂರಿನವರೊಬ್ಬರು, ಹಿರೇಕೆರೂರಿನವರೊಬ್ಬರು ನನ್ನದನ್ನು ಕೇಳಿ ಕಲಿತು ಹಾಡಿದರು. ಒಬ್ಬೊಬ್ಬರ ಕ್ಯಾಸೆಟ್ಟಿಗೂ ಹೊಸ ನಂಬರು. ಎಲ್ಲದರಲ್ಲೂ ನಾಲ್ಕೇ ನುಡಿ, ಎಲ್ಲದರಲ್ಲೂ ಜಾನಪದ. ಒಮ್ಮೆ ಹಾನಗಲ್ಲಿನ ಭಜನೆಯಲ್ಲಿ ಗಂಗವ್ವನೇ ಅದನ್ನು ಹಾಡಿದಳು — ನಾಲ್ಕು ನುಡಿಗೆ ನಿಲ್ಲಿಸಿದಳು. ಯಾಕೆಂದು ಕೇಳಿದೆ.

“ಮಂದಿ ನಗತಾರ್ರಿ. ಕ್ಯಾಸೆಟ್ಟಿನ್ಯಾಗ ಇಲ್ಲದ್ದು ಯಾಕ ಸೇರಸ್ತಿ ಬೇ ಅಂತಾರ.”

ಆ ಮಂದಿಯೆಲ್ಲ ಅಲ್ಲೇ ಕುಳಿತಿದ್ದರು. ಪದ ಇವಳದು ಎಂದರೆ ಮುಗಿಯುತ್ತಿತ್ತು. ನಾನು ಹಾರ್ಮೋನಿಯಂ ಮುಚ್ಚಿ ಎದ್ದೆ.

ಈಗ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಏರಿಸುತ್ತಾರಂತೆ. ಒಬ್ಬ ಹುಡುಗಿ ಫಾರ್ಮು ತಂದಳು. ಒಂದೊಂದು ಧ್ವನಿಮುದ್ರಣಕ್ಕೆ ಒಂದೊಂದು ಸಂಖ್ಯೆ. ಪದಕ್ಕೆ ಮಾತ್ರ, ಯಾರೇ ಹಾಡಲಿ, ಒಂದೇ — ಅದು ಕಟ್ಟಿದವರ ಹೆಸರಿಗೆ ಸೇರುತ್ತದೆ ಎಂದಳು. ಅರ್ಧ ತಿಳಿಯಿತು, ಅರ್ಧ ಇಲ್ಲ. ಆದರೆ ಗಂಗವ್ವನ ಅಂಕಿತದ ಆ ಈಶ ಮಾಡುತ್ತಿದ್ದದ್ದೂ ಇದೇ ಕೆಲಸವಲ್ಲವೆ?

ರಚನೆ ಎಂಬಲ್ಲಿ ‘ಗಂಗವ್ವ’ ಎಂದು ಬರೆದೆ. ಪೂರ್ತಿ ಪದ ಬರೆಯಬೇಕಿತ್ತು. ನಾಲ್ಕು ನುಡಿ ಬಂದವು. ಐದನೆಯದರಲ್ಲಿ ‘ಹುಣಸಿಗಿಡದ ಈಶ’ ಎಂಬಷ್ಟೇ ನೆನಪು. ಅದರ ಮೇಲಿನ ಮೂರು ಸಾಲು ಎಷ್ಟು ಹುಡುಕಿದರೂ ಇಲ್ಲ. ಕೇಳೋಣವೆಂದರೆ ಗಂಗವ್ವ ಹೋಗಿ ಎಷ್ಟೋ ವರ್ಷವಾಯಿತು.

“ನೀವ ಏನರ ಕೂಡಿಸಿ ಬರೀರಲ್ಲ” ಎಂದಳು ಹುಡುಗಿ.

“ಬ್ಯಾಡವಾ” ಎಂದೆ. ಮೂರು ಸಾಲು ಖಾಲಿ ಬಿಟ್ಟು, ಕೆಳಗೆ ಅವಳ ಅಂಕಿತ ಬರೆದು ಕೊಟ್ಟೆ.