ಕೆಂಪು ದಸ್ತಿ ಕಟ್ಟಿದ ಪೈಪು

ಬೀದರ ಸೀಮೆಯಲ್ಲಿ ಕುಡುಗೋಲಿನ ಕೆಲಸವನ್ನು ಟ್ರ್ಯಾಕ್ಟರಿಗೆ ಕಲಿಸಿದವರನ್ನು ನೆನೆಯುವಾಗ ಅಬ್ದುಲ ಮಜೀದ ಸಾಹೇಬರ ಹೆಸರು ಮೊದಲು ಬರಬೇಕು. ಔರಾದದಲ್ಲಿ ಸಹಾಯಕ ಮೆಕ್ಯಾನಿಕರಾಗಿ ಸೇವೆಗೆ ಸೇರಿ, ಭಾಲ್ಕಿಯಲ್ಲಿ ಹನ್ನೊಂದು ವರ್ಷ ದುಡಿದು, ಬೀದರ ನಗರದ ಕೃಷಿಯಂತ್ರ ತರಬೇತಿ ಕೇಂದ್ರದಿಂದ ಈಗ ನಿವೃತ್ತರಾಗುತ್ತಿರುವ ಅವರು, ಟ್ರ್ಯಾಕ್ಟರಿನ ಹೈಡ್ರಾಲಿಕ್ ಎಣ್ಣೆಯ ಒತ್ತಡದಿಂದಲೇ ಹುಲ್ಲು ಕೊಯ್ಯುವ ಯಂತ್ರವನ್ನು ತಿರುಗಿಸುವ ವಿದ್ಯೆಯನ್ನು ಹಳ್ಳಿಹಳ್ಳಿಗೆ ಒಯ್ದರು. ಲಿವರ್ ಎಳೆಯುವ ಮುನ್ನ ಅವರು ಮೆಲ್ಲಗೆ ನುಡಿಯುವ ಬಿಸ್ಮಿಲ್ಲಾ, ಎಂಜಿನ್ನಿನ ಗದ್ದಲದಲ್ಲೂ ಪದ್ಯದ ಮೊದಲ ಸಾಲಿನಂತೆ ಕಿವಿಗೆ ಬೀಳುತ್ತಿತ್ತು.

ವಿಶಾಖಾ ಆ ಕೇಂದ್ರಕ್ಕೆ ಕಲಿಯಲು ಬಂದ ಮೊದಲ ಹೆಣ್ಣುಮಗಳು. ಸೇರಿ ಮೂರು ತಿಂಗಳಾಗಿತ್ತು. ಹಲಬರ್ಗಾದ ವೈಜಿನಾಥರು ತಮ್ಮ ದೇವಣಿ ತಳಿಯ ದನಗಳಿಗೆಂದು ಬೆಳೆಸಿದ ಹುಲ್ಲಿನ ಹೊಲದಲ್ಲಿ, ಊರ ರೈತರ ಮುಂದೆ ಯಂತ್ರದ ಪ್ರಾತ್ಯಕ್ಷಿಕೆ. ಎಣ್ಣೆ ಹೋಗುವ ಪೈಪು, ಮರಳುವ ಪೈಪು ನೋಡಲು ಒಂದೇ ತರಹ. ಅವಸರದಲ್ಲಿ ಆಕೆ ಅವನ್ನು ಅದಲುಬದಲು ಜೋಡಿಸಿದಳು. ಸಾಹೇಬರು ಲಿವರ್ ಎಳೆದರು. ಯಂತ್ರ ಉಲ್ಟಾ ತಿರುಗಿ, ಮೋಟಾರಿನ ಸೀಲು ಒಡೆದು, ಎಣ್ಣೆ ಚಿಮ್ಮಿತು. ಎಲ್ಲಿಂದ ಸೋರುತ್ತಿದೆಯೆಂದು ತಡವಲು ಆಕೆ ಅಂಗೈ ಚಾಚುವಷ್ಟರಲ್ಲಿ, ಎಂಜಿನ್ ಆರಿಸಿ ಹಾರಿಬಂದ ಸಾಹೇಬರು ಆಕೆಯ ಮಣಿಕಟ್ಟು ಹಿಡಿದಿದ್ದರು.

“ಕೈ ತೆಗಿ ಬೇಟಾ! ಆ ಎಣ್ಣಿ ಸೂಜಿ ಹಂಗ ಚರ್ಮದಾಗ ಹೋಗ್ತದ. ಬೆರಳೇ ತೆಗೀಬೇಕಾಗ್ತದ!”

ವೈಜಿನಾಥರು ಅಂಗಿ ಒರೆಸಿಕೊಳ್ಳುತ್ತ ನಕ್ಕರು. “ಹುಲ್ಲು ಕೊಯ್ರಿ ಅಂದ್ರ ಎಣ್ಣಿ ಜಳಕಾ ಮಾಡಸ್ಲಿಕತ್ತೀರಲ್ರಿ ಸಾಹೇಬ್ರ! ಹೆಣ್ಮಕ್ಕಳ ಕೈಯಾಗ ಮಷಿನ್ ಕೊಟ್ರ ಇನ್ನೇನಾಗ್ತದ್ರಿ?”

ಸಾಹೇಬರು ನಾಳೆಯಿಂದ ಬರಬೇಡವೆನ್ನುತ್ತಾರೆ ಎಂದುಕೊಂಡು ವಿಶಾಖಾ ತಲೆ ತಗ್ಗಿಸಿದಳು.

“ಜೋಡಿಸಿದ್ದು ಆಕಿ ಖರೆ. ನೋಡ್ದೇ ಲಿವರ್ ಎಳದಾಂವ ನಾನ್ರಿ,” ಎಂದರು ಸಾಹೇಬರು. “ತಪ್ಪು ನಂದು. ಮುಂದಿನ ವಾರ ಎಲ್ಲಾರೂ ಇಲ್ಲೇ ಬರ್ರಿ, ಆಕೀನೇ ಜೋಡಸ್ತಾಳ.”

ಎಂಟನೆಯ ದಿನ ಅದೇ ಜನ, ಅದೇ ಹೊಲ. ಸಾಹೇಬರು ಬೆವರೊರೆಸುವ ತಮ್ಮ ಕೆಂಪು ದಸ್ತಿಯನ್ನು ಹರಿದು, ಎಣ್ಣೆ ಹೋಗುವ ಪೈಪಿನ ಎರಡು ತುದಿಗೂ ಕಟ್ಟಿ, ಕೈ ಹಿಂದಕ್ಕೆ ಕಟ್ಟಿಕೊಂಡು ದೂರ ನಿಂತರು. ವಿಶಾಖಾ ಜೋಡಿಸಿದಳು; ಎರಡು ಸಲ ನೋಡಿ ಲಿವರ್ ಎಳೆದಳು. ಹುಲ್ಲು ಸಾಲಾಗಿ ಮಲಗಿತು. “ಬದುವಿನ ಮ್ಯಾಲಿಂದೂ ಕೊಯ್ದು ಹೋಗವ್ವಾ,” ಎಂದರು ವೈಜಿನಾಥರು, ಈ ಸಲ ನಗದೆ.

ಇಂದು ವಿಶಾಖಾ ಅದೇ ಕೇಂದ್ರದಲ್ಲಿ ಕಲಿಸುತ್ತಾಳೆ. ಪೈಪಿಗೆ ಕೆಂಪು ಬಟ್ಟೆ ಏಕೆಂದು ಕೇಳಿದವರಿಗೆ ಈ ಕಥೆಯನ್ನೆಲ್ಲ ಹೇಳುವಾಗ ಬಾಗಿಲಲ್ಲಿ ನಿಂತ ಸಾಹೇಬರು, “ಅಷ್ಟು ಉದ್ದ ಯಾಕ ಹೇಳ್ತಿ? ಕೈ ದೂರ ಇಡ್ರಿ ಅನ್ನು, ಸಾಕು,” ಎಂದು ಗದರುವುದುಂಟು.

ಸಾಹೇಬರು ನೂರ್ಕಾಲ ಬಾಳಲಿ. ಹಲಬರ್ಗಾದ ಹುಲ್ಲು ಪ್ರತಿ ವರ್ಷ ಅವರ ಬಿಸ್ಮಿಲ್ಲಾ ಕೇಳಿಯೇ ಮಲಗಲಿ. ನಿವೃತ್ತಿ ಸನ್ಮಾನದ ದಿನ ಅವರ ಕೊರಳಿಗೆ ಹಾರ ಹಾಕುವುದು, ಅಂದು ಅವರು ಹಿಡಿದು ಉಳಿಸಿದ ಅದೇ ಕೈ.